ಸರ್ಕ್ಯುಲರ್ ಡಿಪೆಂಡೆನ್ಸಿ: ಪೈಥಾನ್ ಕೋಡಿನೊಳಗಿನ ಸುತ್ತನ್ನು ಬಿಡಿಸುವ ಬಗೆ

ನಿನ್ನೆಯವರೆಗೆ ಸರಿಯಾಗಿ ಓಡುತ್ತಿದ್ದ ಪೈಥಾನ್ ಅಪ್ಲಿಕೇಶನ್‌ಗೆ ಒಂದು ಇಂಪೋರ್ಟ್ ಸಾಲು (ಬೇರೆ ಫೈಲಿನ ಕೋಡನ್ನು ಬಳಕೆಗೆ ತರುವ ಸಾಲು) ಸೇರಿಸುತ್ತೀರಿ. ಅಷ್ಟಕ್ಕೇ ಅದು ಶುರುವಾಗುವುದಿಲ್ಲ. ಎರರ್ ಸಂದೇಶದಲ್ಲಿ ‘ಪಾರ್ಷಿಯಲಿ ಇನಿಷಿಯಲೈಸ್ಡ್ ಮಾಡ್ಯೂಲ್’ ಎಂಬ ಮಾತು ಕಾಣುತ್ತದೆ, ಪಕ್ಕದಲ್ಲೇ ‘ಬಹುಶಃ ಸರ್ಕ್ಯುಲರ್ ಇಂಪೋರ್ಟ್ ಕಾರಣ’ ಎಂಬರ್ಥದ ಸೂಚನೆ. ಪೈಥಾನ್ 3.8ರಿಂದ ಈ ಸೂಚನೆ ಬರುತ್ತಿದೆ. ಆಗ ಹೆಚ್ಚಿನವರು ಆ ಸಾಲನ್ನು ಫೈಲಿನ ತಲೆಯಿಂದ ತೆಗೆದು ಯಾವುದೋ ಫಂಕ್ಷನ್ನಿನ ಒಳಗೆ ಇಡುತ್ತಾರೆ. ಎರರ್ ಹೋಗುತ್ತದೆ, ಸುತ್ತು, ಅಂದರೆ ಫೈಲುಗಳು ಒಂದನ್ನೊಂದು ಅವಲಂಬಿಸಿ ಹುಟ್ಟುವ ವರ್ತುಲ, ಮಾತ್ರ ಇದ್ದಲ್ಲೇ ಇರುತ್ತದೆ.

ಈ ಎರರ್‌ಗೂ ಸಾಲುಗಳ ಕ್ರಮಕ್ಕೂ ಇರುವ ಸಂಬಂಧ ಮೇಲ್ಮೇಲಿನದು. ಒಂದು ಮಾಡ್ಯೂಲ್ (ಪೈಥಾನ್ ಕೋಡಿನ ಒಂದು ಫೈಲು) ತನ್ನದಲ್ಲದ ಕೆಲಸವನ್ನು ಹೊತ್ತುಕೊಂಡಾಗ ಸುತ್ತು ಹುಟ್ಟುತ್ತದೆ. ಆ ಕೆಲಸ ಯಾವುದು, ಅದರ ಸರಿಯಾದ ಜಾಗ ಎಲ್ಲಿ ಎಂದು ಕಂಡುಹಿಡಿಯುವ ಕ್ರಮವನ್ನು ಇಲ್ಲಿ ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ಉದಾಹರಣೆ: ಗ್ರಂಥಾಲಯದ ತಂತ್ರಾಂಶ

ಓದುಗರಿಗೆ ಅನುಕೂಲವಾಗಲೆಂದು ಮಾಡ್ಯೂಲ್‌ಗಳ ಹೆಸರನ್ನು ಕನ್ನಡದಲ್ಲೇ ಕೊಟ್ಟಿದೆ. ಒಟ್ಟು ನಾಲ್ಕು ಫೈಲುಗಳು: ‘ಸದಸ್ಯ’, ‘ಎರವಲು’, ‘ದಂಡ’, ‘ಸೂಚನೆ’.

‘ಎರವಲು’ ಫೈಲಿಗೆ ಪುಸ್ತಕ ಒಯ್ದವರು ಯಾರು ಎಂದು ಗೊತ್ತಿರಬೇಕು, ಹಾಗಾಗಿ ಅದು ‘ಸದಸ್ಯ’ದಿಂದ ಸದಸ್ಯ ಕ್ಲಾಸನ್ನು ಹೆಸರು ಹಿಡಿದು ತರುತ್ತದೆ (ಫ್ರಮ್ ರೂಪದ ಇಂಪೋರ್ಟ್). ‘ದಂಡ’ಕ್ಕೆ ಪುಸ್ತಕ ಹಿಂತಿರುಗಿಸಬೇಕಾದ ದಿನಾಂಕ ಬೇಕು, ಅದು ‘ಎರವಲು’ ಮಾಡ್ಯೂಲನ್ನು ಇಡಿಯಾಗಿ ಇಂಪೋರ್ಟ್ ಮಾಡಿಕೊಂಡಿದೆ. ಇಲ್ಲಿಯವರೆಗೆ ತೊಂದರೆಯಿಲ್ಲ. ಆಮೇಲೊಂದು ದಿನ ಸದಸ್ಯರ ಪುಟದಲ್ಲಿ ಬಾಕಿ ದಂಡ ತೋರಿಸಬೇಕು, 50 ರೂಪಾಯಿಗಿಂತ ಹೆಚ್ಚು ಬಾಕಿ ಇದ್ದವರಿಗೆ ಪುಸ್ತಕ ಕೊಡಬಾರದು ಎಂಬ ಬೇಡಿಕೆ ಬರುತ್ತದೆ. ಸದಸ್ಯ ಕ್ಲಾಸಿಗೆ ‘ಬಾಕಿ’ ಎಂಬ ಮೆಥಡ್ ಸೇರುತ್ತದೆ, ಅದಕ್ಕಾಗಿ ‘ಸದಸ್ಯ’ ಫೈಲು ‘ದಂಡ’ದಿಂದ ಒಂದು ಫಂಕ್ಷನ್ನನ್ನು ಹೆಸರು ಹಿಡಿದು ತರುತ್ತದೆ. ಅಲ್ಲಿಗೆ ಸುತ್ತು ಮುಚ್ಚಿಕೊಂಡಿತು: ಸದಸ್ಯ → ದಂಡ → ಎರವಲು → ಸದಸ್ಯ.

ಇನ್ನೊಂದು ಸಣ್ಣ ಸುತ್ತೂ ಇದೆ. ಪುಸ್ತಕ ಕೊಟ್ಟ ಕೂಡಲೇ ಎಸ್‌ಎಂಎಸ್ ಹೋಗಲೆಂದು ‘ಎರವಲು’ ಮಾಡ್ಯೂಲ್ ‘ಸೂಚನೆ’ಯನ್ನು ಕರೆಯುತ್ತದೆ. ‘ಸೂಚನೆ’ ತನ್ನ ಫಂಕ್ಷನ್ನಿನ ಟೈಪ್ ಹಿಂಟ್‌ನಲ್ಲಿ (ಮೌಲ್ಯ ಯಾವ ಬಗೆಯದೆಂದು ತಿಳಿಸುವ ಟಿಪ್ಪಣಿ) ಎರವಲು ಕ್ಲಾಸಿನ ಹೆಸರು ಬರೆಯಲು ‘ಎರವಲು’ ಮಾಡ್ಯೂಲನ್ನು ಇಂಪೋರ್ಟ್ ಮಾಡಿದೆ. ಎರಡೂ ಕಡೆ ಇಡೀ ಮಾಡ್ಯೂಲಿನ ಇಂಪೋರ್ಟ್, ಹಿಂಟ್ ಅನ್ನು ಉದ್ಧರಣ ಚಿಹ್ನೆಯೊಳಗೆ ಬರೆದಿದೆ ಎಂದಿಟ್ಟುಕೊಳ್ಳಿ.

ಎರಡು ಬಾಗಿಲು ತೆರೆಯುತ್ತವೆ, ಎರಡು ತೆರೆಯುವುದಿಲ್ಲ

ಪೈಥಾನ್ ಒಂದು ಮಾಡ್ಯೂಲನ್ನು ಮೊದಲ ಸಲ ಇಂಪೋರ್ಟ್ ಮಾಡುವಾಗ ಖಾಲಿ ಮಾಡ್ಯೂಲ್ ಆಬ್ಜೆಕ್ಟ್ ಒಂದನ್ನು ಸೃಷ್ಟಿಸಿ, ಸಿಸ್ ಮಾಡ್ಯೂಲ್ಸ್ ಎಂಬ ಡಿಕ್ಷನರಿಯಲ್ಲಿ ಅದರ ಹೆಸರು ದಾಖಲಿಸುತ್ತದೆ. ಆಮೇಲೆ ಫೈಲಿನ ಸಾಲುಗಳನ್ನು ಮೇಲಿನಿಂದ ಕೆಳಗೆ ಓಡಿಸುತ್ತದೆ. ಎರಡನೇ ಸಲ ಅದೇ ಹೆಸರು ಕೇಳಿದರೆ ಫೈಲನ್ನು ಮತ್ತೆ ಓಡಿಸದೆ ಡಿಕ್ಷನರಿಯಲ್ಲಿ ಇರುವುದನ್ನು ಎತ್ತಿಕೊಡುತ್ತದೆ. ಮೊದಲ ಓಟ ಇನ್ನೂ ಅರ್ಧದಲ್ಲಿದ್ದರೆ ಸಿಗುವುದೂ ಅರ್ಧ ತುಂಬಿದ ಮಾಡ್ಯೂಲೇ.

ಈಗ ‘ಸದಸ್ಯ’ದಿಂದ ಹೊರಡಿ. ಅದರ ಮೊದಲ ಸಾಲೇ ‘ದಂಡ’ವನ್ನು ಕೇಳುತ್ತದೆ, ‘ದಂಡ’ ‘ಎರವಲು’ವನ್ನು ಕೇಳುತ್ತದೆ, ‘ಎರವಲು’ ತಿರುಗಿ ‘ಸದಸ್ಯ’ದ ಒಳಗಿರುವ ಕ್ಲಾಸನ್ನು ಹೆಸರು ಹಿಡಿದು ಕೇಳುತ್ತದೆ. ‘ಸದಸ್ಯ’ ಫೈಲು ಇನ್ನೂ ಮೊದಲ ಸಾಲಿನಲ್ಲೇ ನಿಂತಿದೆ, ಕ್ಲಾಸು ಹುಟ್ಟಿಲ್ಲ. ಎರರ್.

‘ದಂಡ’ದಿಂದ ಹೊರಟರೂ ಹೀಗೆಯೇ: ದಂಡ, ಎರವಲು, ಸದಸ್ಯ ಎಂದು ಸಾಗಿ, ‘ಸದಸ್ಯ’ವು ‘ದಂಡ’ದ ಫಂಕ್ಷನ್ನನ್ನು ಕೇಳುವಾಗ ಅದು ಇನ್ನೂ ಇಲ್ಲ. ಎರರ್.

‘ಎರವಲು’ವಿನಿಂದ ಹೊರಟು ನೋಡಿ. ಅದು ‘ಸದಸ್ಯ’ವನ್ನು ಕೇಳುತ್ತದೆ, ‘ಸದಸ್ಯ’ ‘ದಂಡ’ವನ್ನು, ‘ದಂಡ’ ‘ಎರವಲು’ವನ್ನು. ಸಿಗುವುದು ಅರ್ಧ ತುಂಬಿದ ‘ಎರವಲು’ ಹೌದು, ಆದರೆ ‘ದಂಡ’ ಕೇಳಿದ್ದು ಇಡೀ ಮಾಡ್ಯೂಲನ್ನು, ಒಳಗಿನ ಯಾವ ಹೆಸರನ್ನೂ ಈ ಕ್ಷಣಕ್ಕೆ ಮುಟ್ಟುತ್ತಿಲ್ಲ. ಆದ್ದರಿಂದ ‘ದಂಡ’ ಪೂರ್ತಿಯಾಗುತ್ತದೆ, ಅದರ ಹಿಂದೆ ‘ಸದಸ್ಯ’, ಅದರ ಹಿಂದೆ ‘ಎರವಲು’. ಎರರ್ ಇಲ್ಲ. ‘ಸೂಚನೆ’ಯಿಂದ ಹೊರಟರೂ ಮೊದಲು ‘ಎರವಲು’ವಿಗೇ ಹೋಗುವುದರಿಂದ ಎಲ್ಲ ಸಲೀಸು.

ಅದೇ ಕೋಡು, ಅದೇ ನಾಲ್ಕು ಫೈಲು. ಯಾರನ್ನು ಮೊದಲು ಕರೆದಿರಿ ಎಂಬುದರ ಮೇಲೆ ಎರಡು ಸಲ ನಡೆಯುತ್ತದೆ, ಎರಡು ಸಲ ಬೀಳುತ್ತದೆ. ಇಂಪೋರ್ಟ್‌ಗಳನ್ನು ಅಕ್ಷರಕ್ರಮಕ್ಕೆ ಜೋಡಿಸುವ ಟೂಲ್ ಓಡಿಸಿದ ಮೇಲೆ ಪ್ರಾಜೆಕ್ಟ್ ಮುರಿಯುವುದು, ಇಡೀ ಟೆಸ್ಟ್ ಸೂಟ್ ಪಾಸಾಗಿ ಒಂದೇ ಟೆಸ್ಟ್ ಫೈಲನ್ನು ಪ್ರತ್ಯೇಕವಾಗಿ ಓಡಿಸಿದರೆ ಫೇಲಾಗುವುದು, ವೆಬ್ ಸರ್ವರ್‌ನಲ್ಲಿ ಸರಿಯಿದ್ದದ್ದು ಹಿನ್ನೆಲೆಯ ವರ್ಕರ್‌ನಲ್ಲಿ ಬೀಳುವುದು, ಎಲ್ಲಕ್ಕೂ ಬೇರು ಇದೇ.

ಕೋಡಿನ ಗುಣಮಟ್ಟಕ್ಕೆ ಬೀಳುವ ಪೆಟ್ಟನ್ನು ಎಣಿಸುವುದು

ಎರರ್ ಬಾರದಿದ್ದರೂ ಸುತ್ತು ತನ್ನ ಸುಂಕ ವಸೂಲು ಮಾಡುತ್ತಲೇ ಇರುತ್ತದೆ. ಎಷ್ಟು ಎಂದು ಲೆಕ್ಕ ಹಾಕಲು ಸುಲಭದ ದಾರಿಯಿದೆ. ಪ್ರತಿ ಮಾಡ್ಯೂಲಿಗೂ, ಅದನ್ನು ಒಂದನ್ನೇ ಟೆಸ್ಟ್ ಮಾಡಬೇಕಾದರೆ ಅದನ್ನೂ ಸೇರಿಸಿ ಒಟ್ಟು ಎಷ್ಟು ಮಾಡ್ಯೂಲ್‌ಗಳು ಲೋಡ್ ಆಗಬೇಕು ಎಂದು ಬರೆದು, ಎಲ್ಲವನ್ನೂ ಕೂಡಿಸಿ.

ಏಳು ಮಾಡ್ಯೂಲ್‌ಗಳು ಒಂದೇ ಸುತ್ತಿನಲ್ಲಿದ್ದರೆ ಪ್ರತಿಯೊಂದಕ್ಕೂ ಏಳು ಬೇಕು, ಮೊತ್ತ 49. ಅವೇ ಏಳು ಒಂದರ ಕೆಳಗೊಂದು ಸರಪಳಿಯಂತೆ ಇದ್ದರೆ 1ರಿಂದ 7ರವರೆಗಿನ ಮೊತ್ತ, 28. ಮೇಲೊಂದು, ಅದರ ಕೆಳಗೆ ಎರಡು, ಅವುಗಳ ಕೆಳಗೆ ನಾಲ್ಕು ಎಂದು ಮರದಂತೆ ಹರಡಿದರೆ ತಳದವು ತಲಾ 1, ನಡುವಿನವು ತಲಾ 3, ಮೇಲಿನದು 7, ಒಟ್ಟು 17. ಕೋಡಿನ ಸಾಲುಗಳ ಸಂಖ್ಯೆ ಅಷ್ಟೇ ಇದ್ದರೂ ಹೊರೆ 17 ಮತ್ತು 49ರ ನಡುವೆ ಬದಲಾಗುತ್ತದೆ.

ಈ ಸಂಖ್ಯೆ ದಿನನಿತ್ಯದ ಕೆಲಸದಲ್ಲಿ ತೋರುವುದು ಹೀಗೆ: ದಂಡದ ಲೆಕ್ಕ ಸರಿಯಿದೆಯೇ ಎಂದು ನೋಡುವ ಟೆಸ್ಟಿಗೂ ಎಸ್‌ಎಂಎಸ್ ಗೇಟ್‌ವೇಯ ಮಾಕ್ (ಟೆಸ್ಟಿಗಾಗಿ ಇಡುವ ನಕಲಿ) ಬೇಕಾಗುತ್ತದೆ. ಹೊಸದಾಗಿ ತಂಡ ಸೇರಿದವರು ಯಾವ ಫೈಲಿನಿಂದ ಓದಲು ಶುರುಮಾಡಬೇಕೆಂದು ಕೇಳಿದರೆ ಉತ್ತರವಿರುವುದಿಲ್ಲ, ಏಕೆಂದರೆ ತಳ ಎಂಬುದೇ ಇಲ್ಲ. ‘ಸದಸ್ಯ’ ಭಾಗವನ್ನಷ್ಟೇ ಇನ್ನೊಂದು ಪ್ರಾಜೆಕ್ಟ್‌ಗೆ ಒಯ್ಯಲು ಹೋದರೆ ನಾಲ್ಕೂ ಬೆನ್ನಿಗೆ ಬರುತ್ತವೆ. ಸಾಫ್ಟ್‌ವೇರ್ ವಿನ್ಯಾಸದ ಸಂಶೋಧಕ ಡೇವಿಡ್ ಪಾರ್ನಸ್ 1979ರಲ್ಲೇ ಇದನ್ನು ಎಚ್ಚರಿಸಿದ್ದರು: ಪರಸ್ಪರ ಬಳಕೆಗೆ ಮಿತಿ ಹಾಕದ ವ್ಯವಸ್ಥೆಯಲ್ಲಿ ಎಲ್ಲವೂ ಸಿದ್ಧವಾಗುವ ತನಕ ಯಾವುದೂ ನಡೆಯುವುದಿಲ್ಲ.

ಹಂತ 1: ಮೊದಲು ಸುಳ್ಳು ಎಚ್ಚರಿಕೆಯನ್ನು ತಳ್ಳಿಹಾಕಿ

ಸರ್ಕ್ಯುಲರ್ ಇಂಪೋರ್ಟ್ ಎಂಬ ಸಂದೇಶ ಬಂದ ಮಾತ್ರಕ್ಕೆ ನಿಮ್ಮ ವಿನ್ಯಾಸದಲ್ಲಿ ಸುತ್ತಿದೆ ಎಂದಲ್ಲ. ನಿಮ್ಮ ಫೋಲ್ಡರಿನಲ್ಲಿ ‘ರ್‍ಯಾಂಡಮ್’ ಎಂಬ ಹೆಸರಿನ ಫೈಲಿದ್ದು, ಅದರೊಳಗೆ ಪೈಥಾನಿನ ರ್‍ಯಾಂಡಮ್ ಲೈಬ್ರರಿಯನ್ನು ಇಂಪೋರ್ಟ್ ಮಾಡಿದ್ದರೆ, ಫೈಲು ತನ್ನನ್ನೇ ಇಂಪೋರ್ಟ್ ಮಾಡಿಕೊಂಡು ಇದೇ ಸಂದೇಶ ಕೊಡುತ್ತದೆ. ಪರಿಹಾರ ಫೈಲಿನ ಹೆಸರು ಬದಲಿಸುವುದಷ್ಟೇ. ಪೈಥಾನ್ 3.13ರಿಂದ ಇಂಥ ಸಂದರ್ಭದಲ್ಲಿ ಹೆಸರು ಬದಲಿಸಲು ಎರರ್ ಸಂದೇಶವೇ ಸಲಹೆ ಕೊಡುತ್ತದೆ. ಹಳೆಯ ಆವೃತ್ತಿಗಳಲ್ಲಿ ಗಂಟೆಗಟ್ಟಲೆ ಹುಡುಕುವಂತಾಗುತ್ತದೆ.

ಎರಡು ಆಬ್ಜೆಕ್ಟ್‌ಗಳು ಮೆಮೊರಿಯಲ್ಲಿ ಒಂದನ್ನೊಂದು ತೋರಿಸುವುದೂ ಬೇರೆಯ ವಿಷಯ. ಅದನ್ನು ಸಿಪೈಥಾನಿನ (ಎಲ್ಲರೂ ಸಾಮಾನ್ಯವಾಗಿ ಬಳಸುವ ಪೈಥಾನ್) ಗಾರ್ಬೇಜ್ ಕಲೆಕ್ಟರ್, ಅಂದರೆ ಬೇಡವಾದ ಮೆಮೊರಿ ತೆರವು ಮಾಡುವ ಭಾಗ, ನೋಡಿಕೊಳ್ಳುತ್ತದೆ.

ಹಂತ 2: ನಕ್ಷೆ ಬಿಡಿಸಿ

ಚಿಕ್ಕ ಪ್ರಾಜೆಕ್ಟ್‌ಗೆ ಕಾಗದ, ಪೆನ್ಸಿಲ್ ಸಾಕು. ಇಂಪೋರ್ಟ್ ಇರುವ ಸಾಲುಗಳನ್ನೆಲ್ಲ ಹುಡುಕಿ, ಫಂಕ್ಷನ್ನುಗಳ ಒಳಗಿರುವುದನ್ನೂ ಬಿಡದೆ, ಪ್ರತಿಯೊಂದಕ್ಕೂ ಬಾಣ ಎಳೆಯಿರಿ. ಆಮೇಲೆ ಯಾವ ಮಾಡ್ಯೂಲಿನಿಂದ ಹೊರಗೆ ಬಾಣವೇ ಹೋಗುವುದಿಲ್ಲವೋ ಅದನ್ನೂ ಅದಕ್ಕೆ ಬರುವ ಬಾಣಗಳನ್ನೂ ಅಳಿಸಿ. ಇದರಿಂದ ಇನ್ನೊಂದು ಮಾಡ್ಯೂಲಿನ ಹೊರಬಾಣ ಮುಗಿದಿರಬಹುದು, ಅದನ್ನೂ ಅಳಿಸಿ. ಅಳಿಸಲು ಏನೂ ಸಿಗದಾದಾಗ, ಒಳಬಾಣವೇ ಇಲ್ಲದ ಮಾಡ್ಯೂಲ್‌ಗಳನ್ನು ಇದೇ ರೀತಿ ಒಂದೊಂದಾಗಿ ಅಳಿಸಿ. ಕೊನೆಗೆ ಕಾಗದದ ಮೇಲೆ ಉಳಿಯುವುದು ಸುತ್ತುಗಳು, ಎರಡು ಸುತ್ತುಗಳನ್ನು ಜೋಡಿಸುವ ಕೊಂಡಿ ಇದ್ದರೆ ಅದು. ನಮ್ಮ ಉದಾಹರಣೆಯಲ್ಲಿ ಐದು ಬಾಣ, ನಾಲ್ಕು ಮಾಡ್ಯೂಲ್. ಒಂದೂ ಅಳಿಸಲು ಬರುವುದಿಲ್ಲ.

ದೊಡ್ಡ ಪ್ರಾಜೆಕ್ಟ್‌ಗೆ ಟೂಲ್ ಬೇಕು. ಕೋಡು ಪರಿಶೀಲಿಸುವ ಪೈಲಿಂಟ್‌ನಲ್ಲಿ ಆರ್0401 ಎಂಬ ಎಚ್ಚರಿಕೆ ಇದಕ್ಕೆಂದೇ ಇದೆ. ಅದನ್ನು ಇಡೀ ಪ್ಯಾಕೇಜಿನ (ಮಾಡ್ಯೂಲ್‌ಗಳಿರುವ ಫೋಲ್ಡರಿನ) ಮೇಲೆ ಓಡಿಸಬೇಕು, ಒಂದೊಂದು ಫೈಲಿನ ಮೇಲೆ ಓಡಿಸಿದರೆ ಸುತ್ತು ಅದರ ಕಣ್ಣಿಗೆ ಬೀಳುವುದಿಲ್ಲ. ಪೈಡೆಪ್ಸ್ ಟೂಲ್ ಗ್ರಾಫ್‌ವಿಜ್ ಬಳಸಿ ಚಿತ್ರ ಬರೆದುಕೊಡುತ್ತದೆ, ಸುತ್ತುಗಳನ್ನು ಮಾತ್ರ ತೋರಿಸುವ ಆಯ್ಕೆಯೂ ಇದೆ. ನೂರಾರು ಫೈಲುಗಳ ಚಿತ್ರವನ್ನು ಒಟ್ಟಿಗೆ ತೆರೆದರೆ ಏನೂ ತಿಳಿಯದು, ಮೊದಲು ಫೋಲ್ಡರ್ ಮಟ್ಟದಲ್ಲಿ ನೋಡಿ ಆಮೇಲೆ ಒಳಗಿಳಿಯಿರಿ.

ಹಂತ 3: ಪ್ರತಿ ಬಾಣ ಏನು ಹೊತ್ತಿದೆ ಎಂದು ಬರೆಯಿರಿ

ಅವಸರದಲ್ಲಿ ಬಿಟ್ಟುಬಿಡುವ ಹಂತ ಇದೇ. ಸುತ್ತು ಬಿಡಿಸುವ ಕೆಲಸದ ಮುಕ್ಕಾಲು ಪಾಲು ಇಲ್ಲೇ ಮುಗಿಯುತ್ತದೆ, ಹಾಗಾಗಿ ಸಮಯ ಕೊಡಿ. ಬಾಣದ ಮೇಲೆ ಮೂರು ಸಂಗತಿ ಬರೆಯಬೇಕು: ಯಾವ ಹೆಸರುಗಳು ದಾಟುತ್ತಿವೆ, ಅವು ಯಾವಾಗ ಬೇಕಾಗುತ್ತವೆ (ಫೈಲು ಲೋಡ್ ಆಗುವಾಗಲೋ, ಫಂಕ್ಷನ್ ಓಡುವಾಗಲೋ, ಟೈಪ್ ಪರೀಕ್ಷೆಗೆ ಮಾತ್ರವೋ), ಮತ್ತು ಆ ಹೆಸರಿನ ಎಷ್ಟು ಭಾಗ ನಿಜವಾಗಿ ಬಳಕೆಯಾಗುತ್ತಿದೆ.

ನಮ್ಮ ನಕ್ಷೆಯಲ್ಲಿ ಹೀಗೆ ಬರುತ್ತದೆ. ಎರವಲು → ಸದಸ್ಯ: ಪೂರ್ತಿ ಕ್ಲಾಸು, ಹಲವು ಕಡೆ. ದಂಡ → ಎರವಲು: ಎರಡೇ ಫೀಲ್ಡು, ಹಿಂತಿರುಗಿಸಬೇಕಾದ ದಿನ, ಹಿಂತಿರುಗಿಸಿದ ದಿನ. ಸದಸ್ಯ → ದಂಡ: ಒಂದು ಫಂಕ್ಷನ್, ಓಡುವಾಗ ಮಾತ್ರ. ಎರವಲು → ಸೂಚನೆ: ಒಂದು ಕರೆ. ಸೂಚನೆ → ಎರವಲು: ಬರೀ ಟೈಪ್ ಹಿಂಟ್.

ಹಂತ 4: ತಪ್ಪು ದಿಕ್ಕಿನ ಬಾಣ ಯಾವುದು?

ಕತ್ತರಿಸಲು ಸುಲಭವಾದದ್ದನ್ನು ಕತ್ತರಿಸುವ ಆಸೆ ಸಹಜ. ಹಾಗೆ ಮಾಡಿದರೆ ಆರು ತಿಂಗಳಲ್ಲಿ ಅದೇ ಜಾಗದಲ್ಲಿ ಸುತ್ತು ಮತ್ತೆ ಹುಟ್ಟುತ್ತದೆ. ಬಾಣದ ಎರಡೂ ತುದಿಗೆ ಈ ಪ್ರಶ್ನೆ ಹಾಕಿ: ಇವೆರಡರಲ್ಲಿ ಇನ್ನೊಂದಿಲ್ಲದೆ ಬದುಕುವುದು ಯಾವುದು? ದಂಡದ ಪದ್ಧತಿಯೇ ಇಲ್ಲದ ಗ್ರಂಥಾಲಯಕ್ಕೂ ಸದಸ್ಯರಿರುತ್ತಾರೆ. ಸದಸ್ಯರೇ ಇಲ್ಲದೆ ದಂಡವಿಲ್ಲ. ಅಂದರೆ ‘ದಂಡ’ಕ್ಕೆ ‘ಸದಸ್ಯ’ ಗೊತ್ತಿರುವುದು ನ್ಯಾಯ, ‘ಸದಸ್ಯ’ಕ್ಕೆ ‘ದಂಡ’ ಗೊತ್ತಿರುವುದು ಅನ್ಯಾಯ.

ಉತ್ತರ ಸ್ಪಷ್ಟವಾಗದಿದ್ದರೆ ಎರಡನೇ ಪ್ರಶ್ನೆ: ಯಾವುದು ಹೆಚ್ಚು ಸಲ ಬದಲಾಗುತ್ತದೆ? ದಿನಕ್ಕೆ ಎಷ್ಟು ರೂಪಾಯಿ, ರಜಾ ದಿನ ಎಣಿಸಬೇಕೇ, ಗರಿಷ್ಠ ಎಷ್ಟು ಎಂಬ ನಿಯಮಗಳು ಆಗಾಗ ತಿದ್ದುಪಡಿಯಾಗುತ್ತವೆ. ಸದಸ್ಯರ ಹೆಸರು, ಸಂಖ್ಯೆ, ವಿಳಾಸದ ರಚನೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಆಗಾಗ ಬದಲಾಗುವುದು ನಿಂತಿರುವುದರ ಮೇಲೆ ಒರಗಬೇಕು. ಗಿಟ್ ಇತಿಹಾಸದಲ್ಲಿ ಒಂದೊಂದು ಫೈಲಿನ ಕಮಿಟ್‌ಗಳನ್ನು (ದಾಖಲಾದ ಬದಲಾವಣೆಗಳನ್ನು) ಎಣಿಸಿದರೆ ಊಹೆಯ ಅಗತ್ಯವೂ ಇಲ್ಲ.

ಎರಡೂ ಫೈಲುಗಳು ಬಹುತೇಕ ಎಲ್ಲ ಕಮಿಟ್‌ಗಳಲ್ಲೂ ಜೊತೆಜೊತೆಗೇ ಬದಲಾಗಿದ್ದರೆ? ಅವು ನಿಜಕ್ಕೂ ಒಂದೇ ಮಾಡ್ಯೂಲ್. ಒಂದೇ ಫೈಲಿಗೆ ಸೇರಿಸಿಬಿಡಿ. ದೊಡ್ಡ ಫೈಲು ನೋಡಲು ಚೆಂದವಿರದಿದ್ದರೂ ಬೇರೆಯೆಂದು ನಟಿಸುವ ಎರಡು ಫೈಲುಗಳಿಗಿಂತ ಮೇಲು.

ಹಂತ 5: ಕತ್ತರಿಸುವ ವಿಧಾನಗಳು

ಟೈಪ್ ಹಿಂಟ್ ಮಾತ್ರ ಹೊತ್ತಿರುವ ಬಾಣ. ಟೈಪಿಂಗ್ ಮಾಡ್ಯೂಲಿನ ‘ಟೈಪ್ ಚೆಕಿಂಗ್’ ಎಂಬ ಸ್ಥಿರಾಂಕ (ಪೈಥಾನ್ 3.5.2ರಿಂದ ಇದೆ) ಪ್ರೋಗ್ರಾಂ ಓಡುವಾಗ ಸುಳ್ಳಾಗಿರುತ್ತದೆ, ಮೈಪೈ ಥರದ ಪರೀಕ್ಷಕಗಳಿಗೆ ಮಾತ್ರ ನಿಜವಾಗಿ ಕಾಣುತ್ತದೆ. ಇಂಪೋರ್ಟನ್ನು ಆ ಷರತ್ತಿನೊಳಗೆ ಇಟ್ಟು, ಹಿಂಟನ್ನು ಉದ್ಧರಣ ಚಿಹ್ನೆಯೊಳಗೆ ಬರೆದರೆ ಲೋಡ್ ಆಗುವಾಗ ಬಾಣ ಇರುವುದಿಲ್ಲ. ಫೈಲಿನ ಮೇಲ್ಗಡೆ ಫ್ಯೂಚರ್ ಮಾಡ್ಯೂಲಿನಿಂದ ಅನೊಟೇಶನ್ಸ್ ತಂದುಕೊಂಡರೆ (3.7ರಿಂದ) ಉದ್ಧರಣ ಚಿಹ್ನೆಯೂ ಬೇಡ. 3.14ರಿಂದ ಹಿಂಟ್‌ಗಳ ಮೌಲ್ಯಮಾಪನ ತಾನಾಗಿಯೇ ಮುಂದೂಡಲ್ಪಡುತ್ತದೆ. ಒಂದು ಅಪಾಯ: ಪೈಡ್ಯಾಂಟಿಕ್, ಫಾಸ್ಟ್‌ಎಪಿಐ ಮುಂತಾದ ಲೈಬ್ರರಿಗಳು ಹಿಂಟ್‌ಗಳನ್ನು ಓಡುವಾಗಲೇ ಓದುತ್ತವೆ. ಅಲ್ಲಿ ಈ ತಂತ್ರ ಬಳಸಿದರೆ ಹೆಸರು ಸಿಗಲಿಲ್ಲ ಎಂಬ ಎರರ್ ಬರುತ್ತದೆ.

ಹಾಗೆಂದು ಎಲ್ಲ ಕಡೆ ಇದನ್ನೇ ಹಚ್ಚಬೇಡಿ. ‘ಸೂಚನೆ’ಗೆ ಎರವಲು ಆಬ್ಜೆಕ್ಟ್ ಪೂರ್ತಿ ಯಾಕೆ ಬೇಕು? ಮೊಬೈಲ್ ಸಂಖ್ಯೆ, ಪುಸ್ತಕದ ಹೆಸರು, ಹಿಂತಿರುಗಿಸುವ ದಿನಾಂಕ ಈ ಮೂರು ಕೊಟ್ಟರೆ ಸಾಕು. ಫಂಕ್ಷನ್ನಿಗೆ ಮೂರು ಸರಳ ಮೌಲ್ಯಗಳನ್ನು ಕಳಿಸಿ, ಇಂಪೋರ್ಟನ್ನೇ ತೆಗೆದುಬಿಡಿ. ಈಗ ‘ಸೂಚನೆ’ಗೆ ಗ್ರಂಥಾಲಯದ ವಿಷಯವೇ ಗೊತ್ತಿಲ್ಲ, ಬೇರೆ ಪ್ರಾಜೆಕ್ಟಿನಲ್ಲೂ ಬಳಸಬಹುದು.

ಕೆಲಸವನ್ನು ಮೇಲಕ್ಕೆ ಒಯ್ಯುವುದು. ‘50 ರೂಪಾಯಿಗಿಂತ ಹೆಚ್ಚು ಬಾಕಿಯಿದ್ದರೆ ಪುಸ್ತಕವಿಲ್ಲ’ ಎಂಬ ನಿಯಮ ಸದಸ್ಯರದ್ದೂ ಅಲ್ಲ, ದಂಡದ್ದೂ ಅಲ್ಲ. ಗ್ರಂಥಾಲಯದಲ್ಲಿ ಅದನ್ನು ಜಾರಿ ಮಾಡುವವರು ಕೌಂಟರಿನಲ್ಲಿ ಕೂತ ಸಿಬ್ಬಂದಿ. ಕೋಡಿನಲ್ಲೂ ಆ ಜಾಗ ಬೇಕು. ‘ಕೌಂಟರ್’ ಎಂಬ ಐದನೇ ಫೈಲು ಮಾಡಿ. ಅದರಲ್ಲಿ ಪುಸ್ತಕ ಕೊಡುವ ಫಂಕ್ಷನ್ ಒಂದು: ಮೊದಲು ‘ದಂಡ’ವನ್ನು ಬಾಕಿ ಎಷ್ಟೆಂದು ಕೇಳುತ್ತದೆ, 50 ದಾಟಿದ್ದರೆ ನಿರಾಕರಿಸುತ್ತದೆ, ಇಲ್ಲವಾದರೆ ‘ಎರವಲು’ವಿನಲ್ಲಿ ದಾಖಲೆ ಮಾಡಿಸುತ್ತದೆ, ಕೊನೆಗೆ ‘ಸೂಚನೆ’ಯ ಮೂಲಕ ಎಸ್‌ಎಂಎಸ್ ಕಳಿಸುತ್ತದೆ. ‘ಕೌಂಟರ್’ ನಾಲ್ವರನ್ನೂ ಬಲ್ಲದು, ನಾಲ್ವರಲ್ಲಿ ಯಾರಿಗೂ ‘ಕೌಂಟರ್’ ಗೊತ್ತಿಲ್ಲ. ಎಸ್‌ಎಂಎಸ್ ಕರೆಯೂ ಇಲ್ಲಿಗೇ ಬಂದದ್ದರಿಂದ ಎರವಲು → ಸೂಚನೆ ಬಾಣವೂ ಹೋಯಿತು.

ಸದಸ್ಯ ಕ್ಲಾಸಿನ ‘ಬಾಕಿ’ ಮೆಥಡನ್ನು ಈಗಾಗಲೇ ಹತ್ತಾರು ಕಡೆ ಕರೆಯುತ್ತಿರಬಹುದು. ಒಂದೇ ದಿನ ಕಿತ್ತರೆ ಎಲ್ಲ ಮುರಿಯುತ್ತದೆ. ಮೆಥಡನ್ನು ತಾತ್ಕಾಲಿಕವಾಗಿ ಉಳಿಸಿ, ಇಂಪೋರ್ಟನ್ನು ಅದರೊಳಗೆ ಇಡಿ, ಹಳತಾಗಿದೆ ಎಂಬ ಎಚ್ಚರಿಕೆ ಕೊಡಿಸಿ, ತೆಗೆಯುವ ದಿನಾಂಕವನ್ನು ಕಾಮೆಂಟಿನಲ್ಲಿ ಬರೆಯಿರಿ. ಕರೆಯುವ ಕಡೆಗಳನ್ನೆಲ್ಲ ಒಂದೊಂದಾಗಿ ಬದಲಿಸಿದ ಮೇಲೆ ಅಳಿಸಿ. ಫಂಕ್ಷನ್ನಿನ ಒಳಗಿನ ಇಂಪೋರ್ಟ್ ಸರಿಯಾಗಿ ಉಪಯೋಗಕ್ಕೆ ಬರುವುದು ಇಂಥ ಕಡೆ, ಗಡುವು ಇರುವ ತೇಪೆಯಾಗಿ. ಅದು ನಿಧಾನ ಎಂಬ ಆಕ್ಷೇಪ ಸರಿಯಲ್ಲ: ಮಾಡ್ಯೂಲ್ ಒಮ್ಮೆ ಲೋಡ್ ಆದ ಮೇಲೆ ಅದು ಬಹುಮಟ್ಟಿಗೆ ಡಿಕ್ಷನರಿ ನೋಡುವಷ್ಟೇ ಕೆಲಸ. ನಿಜವಾದ ದೋಷವೆಂದರೆ, ಆ ಇಂಪೋರ್ಟಿನಲ್ಲಿ ತಪ್ಪಿದ್ದರೆ ಅಪ್ಲಿಕೇಶನ್ ಶುರುವಾಗುವಾಗ ತಿಳಿಯದೆ, ಯಾರೋ ಸದಸ್ಯರ ಪುಟ ತೆರೆದಾಗ ತಿಳಿಯುತ್ತದೆ.

ಕೆಳಕ್ಕೆ ಇಳಿಸುವುದು. ಎರಡೂ ಕಡೆಗೆ ಬೇಕಾದ ಸ್ಥಿರಾಂಕ, ಎಣಿಕೆ, ದಿನಾಂಕದ ಲೆಕ್ಕ ಇದ್ದರೆ ಅದನ್ನು ಮೂರನೇ ಚಿಕ್ಕ ಫೈಲಿಗೆ ಇಳಿಸಿ. ಅದಕ್ಕೆ ‘ರಜಾದಿನ’, ‘ಹಣ’ ಎಂದು ವಿಷಯದ ಹೆಸರಿಡಿ. ‘ಕಾಮನ್’, ‘ಯುಟಿಲ್ಸ್’ ಎಂದಿಟ್ಟರೆ ವರ್ಷದೊಳಗೆ ಎಲ್ಲರೂ ಎಲ್ಲವನ್ನೂ ಅಲ್ಲಿಗೇ ಸುರಿದು, ಅದು ತಾನೇ ಮೇಲಿನವರನ್ನು ಇಂಪೋರ್ಟ್ ಮಾಡತೊಡಗುತ್ತದೆ.

ದಿಕ್ಕು ತಿರುಗಿಸುವುದು. ಕೆಳಗಿನ ಮಾಡ್ಯೂಲ್ ಮೇಲಿನದನ್ನು ಕರೆಯಲೇಬೇಕಾದ ಸಂದರ್ಭವಿದ್ದರೆ, ತನಗೆ ಬೇಕಾದ ಆಕಾರವನ್ನು ಕೆಳಗಿನದೇ ಟೈಪಿಂಗ್‌ನ ಪ್ರೋಟೋಕಾಲ್ ಮೂಲಕ (3.8ರಿಂದ) ಬರೆದುಕೊಂಡು, ನಿಜವಾದ ಆಬ್ಜೆಕ್ಟನ್ನು ಕರೆಯುವವರು ಆರ್ಗ್ಯುಮೆಂಟ್ ಆಗಿ ಕೊಡಬೇಕು. ಒಂದೇ ಫಂಕ್ಷನ್ ಬೇಕಿದ್ದರೆ ಪ್ರೋಟೋಕಾಲ್ ಕೂಡ ಅತಿಯಾಯಿತು, ಫಂಕ್ಷನ್ನನ್ನೇ ಕಳಿಸಿ. ಜ್ಯಾಂಗೋ ವೆಬ್ ಫ್ರೇಮ್‌ವರ್ಕಿನ ಸಿಗ್ನಲ್‌ಗಳೂ (ಒಂದು ಘಟನೆ ನಡೆದಾಗ ನೋಂದಾಯಿಸಿದ ಫಂಕ್ಷನ್ನುಗಳನ್ನು ಕರೆಯುವ ವ್ಯವಸ್ಥೆ) ಇದೇ ಕೆಲಸ ಮಾಡುತ್ತವೆ, ಆದರೆ ಯಾವ ಕರೆಯಿಂದ ಏನೇನು ನಡೆಯಿತು ಎಂಬುದು ಕೋಡು ಓದಿದರೆ ಕಾಣದಂತಾಗುತ್ತದೆ. ಸಿಗ್ನಲ್ ಕೊನೆಯ ಆಯ್ಕೆಯಾಗಿರಲಿ.

ಪದೇ ಪದೇ ಸಿಕ್ಕಿಬೀಳುವ ಮೂರು ಜಾಗ

ಇನಿಟ್ ಫೈಲು. ಪ್ಯಾಕೇಜನ್ನು ಇಂಪೋರ್ಟ್ ಮಾಡಿದಾಗ ಮೊದಲು ಓಡುವ ಇನಿಟ್ ಫೈಲಿನಲ್ಲಿ ಒಳಗಿನ ಎಲ್ಲ ಕ್ಲಾಸುಗಳನ್ನು ಇಂಪೋರ್ಟ್ ಮಾಡಿಟ್ಟರೆ ಹೊರಗಿನವರಿಗೆ ಅನುಕೂಲ. ಆದರೆ ಅದೇ ಪ್ಯಾಕೇಜಿನ ಒಳಗಿನ ಫೈಲೊಂದು ತನ್ನ ಪಕ್ಕದ ಫೈಲಿನ ಕ್ಲಾಸನ್ನು ಪ್ಯಾಕೇಜಿನ ಹೆಸರಿನಿಂದಲೇ ತಂದರೆ, ಇನಿಟ್ ಅದನ್ನು ಲೋಡ್ ಮಾಡುತ್ತಿರುವಾಗಲೇ ಅದು ಇನಿಟ್ ಅನ್ನು ಕೇಳುತ್ತದೆ. ಮನೆಯೊಳಗಿನವರು ಪಕ್ಕದ ಕೋಣೆಗೆ ಹೋಗಲು ಬೀದಿಗಿಳಿದು ಮುಂಬಾಗಿಲಿನಿಂದ ಬಂದ ಹಾಗೆ. ನಿಯಮ ಚಿಕ್ಕದು: ಪ್ಯಾಕೇಜಿನ ಒಳಗಿರುವವರು ಪಕ್ಕದ ಫೈಲಿನ ಹೆಸರು ಹೇಳಿಯೇ ಇಂಪೋರ್ಟ್ ಮಾಡಬೇಕು, ತಮ್ಮದೇ ಇನಿಟ್ ಮೂಲಕ ಎಂದಿಗೂ ಬರಬಾರದು. ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಈ ಒಂದೇ ನಿಯಮದಿಂದ ಅನೇಕ ಸುತ್ತುಗಳು ಕಳಚುತ್ತವೆ. ಜಾವಾಸ್ಕ್ರಿಪ್ಟ್‌ನ ಇಂಡೆಕ್ಸ್ ಫೈಲುಗಳಿಗೂ ಇದೇ ಮಾತು.

ಶುರುವಾಗುವ ಫೈಲು. ‘ಆ್ಯಪ್’ ಎಂಬ ಫೈಲನ್ನು ನೇರವಾಗಿ ಓಡಿಸಿದಾಗ ಪೈಥಾನ್ ಅದಕ್ಕೆ ‘ಮೇನ್’ ಎಂದು ಹೆಸರಿಡುತ್ತದೆ. ಬೇರೆ ಫೈಲು ‘ಆ್ಯಪ್’ ಅನ್ನು ಇಂಪೋರ್ಟ್ ಮಾಡಿದರೆ ಡಿಕ್ಷನರಿಯಲ್ಲಿ ಆ ಹೆಸರಿಲ್ಲದ್ದರಿಂದ ಫೈಲು ಎರಡನೇ ಸಲ ಓಡುತ್ತದೆ. ಒಂದೇ ಕ್ಲಾಸಿನ ಎರಡು ಪ್ರತಿಗಳು ಹುಟ್ಟಿ, ಇದು ಅದೇ ಕ್ಲಾಸಿನದೇ ಎಂಬ ಪರೀಕ್ಷೆ ಕಾರಣವಿಲ್ಲದೆ ಸುಳ್ಳಾಗುತ್ತದೆ. ಶುರುವಾಗುವ ಫೈಲಿನಲ್ಲಿ ಯಾವ ಕ್ಲಾಸೂ ಇರಬಾರದು, ಅದನ್ನು ಯಾರೂ ಇಂಪೋರ್ಟ್ ಮಾಡಬಾರದು. ಫ್ಲಾಸ್ಕ್ ವೆಬ್ ಫ್ರೇಮ್‌ವರ್ಕ್ ಬಳಸುವವರು ಆ್ಯಪ್ ಆಬ್ಜೆಕ್ಟನ್ನು ಒಂದು ಫಂಕ್ಷನ್ನಿನೊಳಗೆ ಸೃಷ್ಟಿಸಿ, ರೂಟ್‌ಗಳನ್ನು ಬ್ಲೂಪ್ರಿಂಟ್‌ಗಳಲ್ಲಿ ಬರೆದರೆ ವ್ಯೂ ಫೈಲುಗಳಿಗೆ ಆ್ಯಪ್ ಫೈಲೇ ಬೇಕಾಗುವುದಿಲ್ಲ.

ಜ್ಯಾಂಗೋ ಮಾಡೆಲ್‌ಗಳು. ಫಾರಿನ್ ಕೀ (ಇನ್ನೊಂದು ಟೇಬಲ್ಲಿನ ಸಾಲನ್ನು ತೋರಿಸುವ ಫೀಲ್ಡು) ಬರೆಯುವಾಗ ಇನ್ನೊಂದು ಆ್ಯಪ್‌ನ ಕ್ಲಾಸನ್ನು ಇಂಪೋರ್ಟ್ ಮಾಡುವ ಬದಲು ‘ಆ್ಯಪ್ ಹೆಸರು, ಚುಕ್ಕೆ, ಮಾಡೆಲ್ ಹೆಸರು’ ಎಂಬ ಸ್ಟ್ರಿಂಗ್ ಕೊಡಬಹುದು. ಇಂಪೋರ್ಟ್ ಸುತ್ತು ಇದರಿಂದ ಹೋಗುತ್ತದೆ. ಡೇಟಾಬೇಸಿನ ಸುತ್ತು ಹೋಗುವುದಿಲ್ಲ: ಎರಡು ಟೇಬಲ್‌ಗಳು ಒಂದಕ್ಕೊಂದು ಫಾರಿನ್ ಕೀ ಹೊಂದಿದ್ದರೆ ಮೊದಲ ಸಾಲನ್ನು ಯಾವುದಕ್ಕೆ ಸೇರಿಸಬೇಕೆಂಬ ಪ್ರಶ್ನೆ ಉಳಿದೇ ಇರುತ್ತದೆ. ಒಂದು ಕಡೆ ನಲ್ ಬಿಡಬೇಕು, ಇಲ್ಲವೇ ಪೋಸ್ಟ್‌ಗ್ರೆಸ್‌ನಲ್ಲಾದರೆ ನಿರ್ಬಂಧದ ಪರೀಕ್ಷೆಯನ್ನು ಟ್ರಾನ್ಸಾಕ್ಷನ್ ಕೊನೆಗೆ ಮುಂದೂಡಬೇಕು.

ಬೇರೆ ಭಾಷೆಗಳಲ್ಲಿ

ಗೋ ಭಾಷೆಯಲ್ಲಿ ಈ ಲೇಖನದ ಅರ್ಧ ಭಾಗ ಬೇಕಾಗುವುದಿಲ್ಲ, ಪ್ಯಾಕೇಜುಗಳ ನಡುವೆ ಸುತ್ತಿದ್ದರೆ ಕಂಪೈಲರ್ ಒಪ್ಪುವುದೇ ಇಲ್ಲ. ರಸ್ಟ್‌ನಲ್ಲಿ ಕ್ರೇಟ್‌ಗಳ (ಒಟ್ಟಿಗೆ ಕಂಪೈಲ್ ಆಗುವ ಘಟಕಗಳ) ನಡುವೆ ಒಪ್ಪದು, ಒಂದೇ ಕ್ರೇಟಿನೊಳಗಿನ ಮಾಡ್ಯೂಲ್‌ಗಳಿಗೆ ತಡೆಯಿಲ್ಲ. ಜಾವಾದಲ್ಲಿ ಪ್ಯಾಕೇಜ್ ಸುತ್ತುಗಳು ಸದ್ದಿಲ್ಲದೆ ಬೆಳೆಯುತ್ತವೆ, ಮೇವನ್ ಪ್ರಾಜೆಕ್ಟ್‌ಗಳ ನಡುವೆ ಬಂದಾಗ ಮಾತ್ರ ಬಿಲ್ಡ್ ನಿಲ್ಲುತ್ತದೆ. ಸ್ಪ್ರಿಂಗ್ ಬೂಟ್ 2.6ರಿಂದ (2021ರ ನವೆಂಬರ್) ಬೀನ್‌ಗಳ (ಸ್ಪ್ರಿಂಗ್ ನಿರ್ವಹಿಸುವ ಆಬ್ಜೆಕ್ಟ್‌ಗಳ) ನಡುವಿನ ಸುತ್ತಿಗೆ ಪೂರ್ವನಿಯೋಜಿತವಾಗಿ ಅನುಮತಿ ಇಲ್ಲ. ಹಳೆಯ ನಡವಳಿಕೆಗೆ ಮರಳುವ ಸೆಟ್ಟಿಂಗ್ ಇದೆ, ಅಪ್‌ಗ್ರೇಡ್ ಮಾಡುವ ವಾರದ ಮಟ್ಟಿಗೆ ಬಳಸಿ, ಅದರಲ್ಲೇ ನೆಲೆಸಬೇಡಿ. ನೋಡ್‌ನ ಹಳೆಯ ರಿಕ್ವೈರ್ ಪದ್ಧತಿ ಅರ್ಧ ತುಂಬಿದ ಆಬ್ಜೆಕ್ಟನ್ನು ಎರರ್ ಇಲ್ಲದೆ ಕೊಟ್ಟುಬಿಡುವುದರಿಂದ ‘ಅನ್‌ಡಿಫೈನ್ಡ್’ ಎಲ್ಲೋ ದೂರದಲ್ಲಿ ಕಾಣಿಸಿಕೊಳ್ಳುತ್ತದೆ. ಅಲ್ಲಿ ಮ್ಯಾಡ್ಜ್ ಟೂಲಿನ ಸರ್ಕ್ಯುಲರ್ ಆಯ್ಕೆ ಓಡಿಸುವುದೇ ಮೊದಲ ಹೆಜ್ಜೆಯಾಗಲಿ.

ಹಂತ 6: ಕಾವಲು ಹಾಕಿ

ಬಿಡಿಸಿದ್ದು ಮತ್ತೆ ಕಟ್ಟಿಕೊಳ್ಳದಂತೆ ಎರಡು ಕಾವಲು ಬೇಕು.

ಮೊದಲನೆಯದಕ್ಕೆ ಯಾವ ಟೂಲೂ ಬೇಡ. ಸಿಐನಲ್ಲಿ (ಕೋಡು ಬದಲಾದಾಗಲೆಲ್ಲ ತಾನಾಗಿ ಪರೀಕ್ಷೆ ಓಡಿಸುವ ವ್ಯವಸ್ಥೆ) ಪ್ರತಿ ಮಾಡ್ಯೂಲಿಗೂ ಹೊಸ ಪೈಥಾನ್ ಪ್ರೋಸೆಸ್ ತೆರೆದು, ಆ ಒಂದನ್ನು ಮಾತ್ರ ಇಂಪೋರ್ಟ್ ಮಾಡಿ ಮುಚ್ಚಿ. ನಮ್ಮ ಉದಾಹರಣೆಗೆ ಐದು ಪ್ರೋಸೆಸ್. ಒಂದೇ ಪ್ರೋಸೆಸ್‌ನಲ್ಲಿ ಸಾಲಾಗಿ ಇಂಪೋರ್ಟ್ ಮಾಡಿದರೆ ಪ್ರಯೋಜನವಿಲ್ಲ, ಮೊದಲನೆಯದು ಉಳಿದವನ್ನು ಲೋಡ್ ಮಾಡಿಬಿಟ್ಟಿರುತ್ತದೆ. ಮುಚ್ಚಿದ ಬಾಗಿಲುಗಳು ಈ ಪರೀಕ್ಷೆಯಲ್ಲಿ ತಪ್ಪದೆ ಸಿಗುತ್ತವೆ.

ಎರಡನೆಯದು ಇಂಪೋರ್ಟ್ ಲಿಂಟರ್. ಅದರ ಕಾನ್ಫಿಗ್ ಫೈಲಿನಲ್ಲಿ ಪದರಗಳನ್ನು ಮೇಲಿನಿಂದ ಕೆಳಗೆ ಬರೆಯುತ್ತೀರಿ: ಕೌಂಟರ್, ದಂಡ, ಎರವಲು, ಸದಸ್ಯ. ಕೆಳಗಿನದು ಮೇಲಿನದನ್ನು ಇಂಪೋರ್ಟ್ ಮಾಡಿದರೆ ಬಿಲ್ಡ್ ಫೇಲ್. ಕೋಡನ್ನು ಓಡಿಸದೆ ಓದುವುದರಿಂದ ಫಂಕ್ಷನ್ನಿನೊಳಗೆ ಅಡಗಿಸಿದ ಇಂಪೋರ್ಟೂ ಅದಕ್ಕೆ ಸಿಗುತ್ತದೆ. ವೆಬ್ ಪುಟದ ಕೋಡು ‘ಕೌಂಟರ್’ ಅನ್ನು ಬಿಟ್ಟು ನೇರವಾಗಿ ‘ಎರವಲು’ವನ್ನು ಕರೆದರೆ 50 ರೂಪಾಯಿಯ ನಿಯಮ ತಪ್ಪಿಹೋಗುತ್ತದೆ, ಅದಕ್ಕೊಂದು ನಿಷೇಧದ ಕರಾರೂ ಸೇರಿಸಿ. ಆ ಕರಾರು ಸುತ್ತುಬಳಸಿನ ಇಂಪೋರ್ಟ್‌ಗಳನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ‘ಕೌಂಟರ್’ ಮೂಲಕ ಹೋಗುವ ದಾರಿಯನ್ನು ತಪ್ಪೆಂದು ಹೇಳದಂತೆ ಪರೋಕ್ಷ ಇಂಪೋರ್ಟ್‌ಗಳಿಗೆ ಅನುಮತಿ ಕೊಡುವ ಆಯ್ಕೆಯನ್ನು ಹಾಕಿಕೊಳ್ಳಬೇಕು.

ಹಳೆಯ ದೊಡ್ಡ ಪ್ರಾಜೆಕ್ಟಿನಲ್ಲಿ ಮೊದಲ ದಿನವೇ ನೂರಾರು ತಪ್ಪು ಕಂಡರೆ ಗಾಬರಿ ಬೇಡ. ಈಗಿರುವುದನ್ನೆಲ್ಲ ವಿನಾಯಿತಿ ಪಟ್ಟಿಗೆ ಸೇರಿಸಿ, ಹೊಸದು ಬರದಂತೆ ಮಾತ್ರ ತಡೆಯಿರಿ. ಆಮೇಲೆ ವಾರಕ್ಕೊಂದು ಬಾಣದಂತೆ ಪಟ್ಟಿಯನ್ನು ಕರಗಿಸಿ. ಒಂದು ಪುಲ್ ರಿಕ್ವೆಸ್ಟ್‌ನಲ್ಲಿ ಒಂದೇ ಬಾಣ ಕತ್ತರಿಸಿ, ಜೊತೆಗೆ ಬೇರೆ ಸುಧಾರಣೆ ಬೆರೆಸಬೇಡಿ. ಪರಿಶೀಲಿಸುವವರಿಗೆ ಕೆಲಸ ಸ್ಥಳಾಂತರವಾಗಿದೆಯಷ್ಟೇ, ನಡವಳಿಕೆ ಬದಲಾಗಿಲ್ಲ ಎಂದು ಖಚಿತವಾಗಬೇಕು.

ಕೊನೆಗೆ ಲೆಕ್ಕವನ್ನು ಮತ್ತೆ ಹಾಕಿ. ಮೊದಲು ನಾಲ್ಕು ಮಾಡ್ಯೂಲ್‌ಗಳಿಗೆ ಮೊತ್ತ 16 ಇತ್ತು. ಈಗ ‘ಸದಸ್ಯ’ 1, ‘ಸೂಚನೆ’ 1, ‘ಎರವಲು’ 2, ‘ದಂಡ’ 3, ‘ಕೌಂಟರ್’ 5, ಒಟ್ಟು 12. ಫೈಲು ಒಂದು ಹೆಚ್ಚಾಗಿ ಹೊರೆ ನಾಲ್ಕು ಕಡಿಮೆಯಾಗಿದೆ. ಇನ್ನೂ ಒಂದು ಪರೀಕ್ಷೆ ಮಾಡಿ ನೋಡಿ: ಬೇರೆ ಬ್ರಾಂಚಿನಲ್ಲಿ ‘ದಂಡ’ ಮತ್ತು ‘ಕೌಂಟರ್’ ಫೈಲುಗಳನ್ನು ಪೂರ್ತಿ ಅಳಿಸಿ, ‘ಸದಸ್ಯ’ ಮತ್ತು ‘ಎರವಲು’ವಿನ ಟೆಸ್ಟ್‌ಗಳನ್ನು ಓಡಿಸಿ. ಒಂದಾದರೂ ಬಿದ್ದರೆ ಬಾಣವೊಂದು ಇನ್ನೂ ಉಳಿದಿದೆ, ಬಿದ್ದ ಟೆಸ್ಟಿನ ಟ್ರೇಸ್‌ಬ್ಯಾಕ್‌ನಲ್ಲಿ ಅದು ಯಾವ ಸಾಲಿನಲ್ಲಿದೆ ಎಂಬುದೂ ಕಾಣುತ್ತದೆ.